ಯಾವ ಅವ್ವನ ಮನೆ

ಟಪ್, ಟಪ್, ಟಪ್.

ಆದೋನಿಯ ಹತ್ತಿ ಮಿಲ್ಲುಗಳ ಹಿಂದಿನ ಓಣಿಗೆ ಬೆಳಕಿಗಿಂತ ಮೊದಲು ಬರುವುದು ಈ ಸದ್ದು. ಜೋಳದ ರೊಟ್ಟಿ ಬಡಿಯುವ ಸದ್ದು. ಒಂದು ಮನೆಯಲ್ಲಿ ಶುರುವಾದರೆ ಎದುರು ಮನೆ ಉತ್ತರ ಕೊಡುತ್ತದೆ, ತುಸು ಹೊತ್ತಿಗೆ ಓಣಿಗೆ ಓಣಿಯೇ ಮಾತಿಗಿಳಿದ ಹಾಗಿರುತ್ತದೆ. ಬಡಿಯುವವರ ಮುಖ ನೋಡದೆಯೇ ಕೈ ಯಾರದೆಂದು ಇಲ್ಲಿಯವರು ಹೇಳಬಲ್ಲರು. ಪದ್ಮಜಾಳ ಕೈ ಜೋರು, ಜಗಳಕ್ಕೆ ಹೊರಟ ಹಾಗೆ. ಗಾದಿಲಿಂಗಮ್ಮನ ಕೈ ಒಂದೇ ಸಮ, ದೂರ ನಡೆಯಲು ಹೊರಟವರ ಹೆಜ್ಜೆಯ ಹಾಗೆ.

ಗಾದಿಲಿಂಗಮ್ಮನ ಕೈಗೆ ಇನ್ನೊಂದು ಗುಣವಿದೆ. ಎದುರಿಗೆ ಕೂತವರು ತಮ್ಮ ತೊಂದರೆ ಹೇಳತೊಡಗಿದರೆ ಬಡಿತ ನಿಧಾನವಾಗುತ್ತದೆ. ಮಾತಿನಲ್ಲಿ ಎಲ್ಲೋ ಒಂದು ಎಳೆ ಸಿಕ್ಕಿತೆಂದರೆ ನಿಂತೇ ಬಿಡುತ್ತದೆ. ಆಗ ಪದ್ಮಜಾ ಹಂಚಿನ ಮೇಲಿನ ರೊಟ್ಟಿ ಮಗುಚುತ್ತಾ ಓಣಿಗೆಲ್ಲ ಕೇಳುವಂತೆ ಹೇಳುತ್ತಾಳೆ: "ನಿಂತ್ತು ನೋಡ್ರಪಾ ನಮ್ಮ ರೊಟ್ಟಿ ಲಾಯರ್ ಗಾಡಿ! ಇವತ್ತ ಯಾರದೋ ಕೇಸು ಗೆದ್ದಂಗ, ನನ್ನ ರೊಟ್ಟಿ ಸೋತಂಗ."

ಇಬ್ಬರೂ ಸೇರಿ ನಡೆಸುವ ರೊಟ್ಟಿ ಅಂಗಡಿ ಅದು. ಅಂಗಡಿಯೆಂದರೆ ಎರಡು ಒಲೆ, ಒಂದು ತಗಡಿನ ಮಾಡು, ಮುಂದೊಂದು ಕಲ್ಲಿನ ಕಟ್ಟೆ. ಆ ಕಟ್ಟೆಯ ಮೇಲೆ ರೊಟ್ಟಿಗೆ ಬಂದವರೂ ಕೂರುತ್ತಾರೆ, ನ್ಯಾಯಕ್ಕೆ ಬಂದವರೂ ಕೂರುತ್ತಾರೆ.

ಗಾದಿಲಿಂಗಮ್ಮ ಹುಟ್ಟಿದ್ದು ತೆಲುಗು ನಾಡಿನ ಗಡಿಯ ಪೆದ್ದಹರಿವಾಣದಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಅಳುವುದನ್ನು ಒಂದು ಭಾಷೆಯಲ್ಲಿ ಕಲಿತಳು, ಬರೆಯುವುದನ್ನು ಇನ್ನೊಂದರಲ್ಲಿ. ಮದುವೆಯಾಗಿ ಆದೋನಿಗೆ ಬಂದ ಮೇಲೆ ಕೋರ್ಟಿನ ಕ್ಯಾಂಟೀನಿಗೆ ದಿನವೂ ರೊಟ್ಟಿ ಬುಟ್ಟಿ ಹೊತ್ತು ಹೋಗುವ ಕೆಲಸ ಹಿಡಿದಳು. ಬುಟ್ಟಿ ಇಳಿಸಿ ಬರುವ ದಾರಿಯಲ್ಲಿ ಕೋರ್ಟಿನ ಪಡಸಾಲೆ. ಅಲ್ಲಿ ದಿನವೂ ಯಾರಾದರೊಬ್ಬರು ಕೈಯಲ್ಲಿ ಕಾಗದ ಹಿಡಿದು, ಯಾವ ಬಾಗಿಲು ತಮ್ಮದೆಂದು ತಿಳಿಯದೆ ಗೋಡೆಗೆ ಒರಗಿ ನಿಂತಿರುತ್ತಿದ್ದರು. ಒಮ್ಮೆ ಕುರಿ ಕಾಯುವ ಮುದುಕನೊಬ್ಬ ಬೆಳಗಿನಿಂದ ಬೇರೊಂದು ಬಾಗಿಲ ಮುಂದೆ ಕಾದು, ತನ್ನ ಹೆಸರು ಕೂಗುವುದನ್ನೇ ತಪ್ಪಿಸಿಕೊಂಡಿದ್ದ. ಅವಳು ಅವನ ಕಾಗದ ಓದಿ, ಕೈ ಹಿಡಿದು ಸರಿಯಾದ ಕೋಣೆಗೆ ಮುಟ್ಟಿಸಿದಳು. ಮರುದಿನ ಆ ಮುದುಕ ತನ್ನ ಊರಿನ ಇನ್ನಿಬ್ಬರನ್ನು ಕರೆತಂದು ಪಡಸಾಲೆಯಲ್ಲಿ ನಿಂತಿದ್ದ. "ಬುಟ್ಟಿ ಹೊತ್ತಾಕಿ ಬರತಾಳ, ನಿಂದರ್ರಿ," ಎಂದು ಅವರಿಗೆ ಧೈರ್ಯ ಹೇಳುತ್ತಿದ್ದ.

ಇದನ್ನು ವಕೀಲ ವಿಷ್ಣುತೀರ್ಥರು ಹಲವು ದಿನ ನೋಡಿದರು. ಹಣ ಕೊಡಲಾಗದವರಿಗೆ ಕಾನೂನು ಸೇವಾ ಸಮಿತಿಯ ಪರವಾಗಿ ವಾದಿಸುವವರು ಅವರು. ಮಡಿವಂತರ ಮನೆಯವರಾದ್ದರಿಂದ ಅವಳ ರೊಟ್ಟಿಯನ್ನು ಎಂದೂ ತಿಂದವರಲ್ಲ. ಆದರೆ ಬುಟ್ಟಿ ಇಳಿಸುವಾಗ ಮಾತಾಡಿಸದೆ ಹೋದವರೂ ಅಲ್ಲ.

"ಅಲ್ರೀ ಗಾದಿಲಿಂಗಮ್ಮ, ಹೆಂಗೂ ದಿನಾ ಇದೇ ಕೆಲಸ ಮಾಡ್ತೀರಿ. ಸಮಿತಿಯೊಳಗ ಸ್ವಯಂಸೇವಕರಿಗೆ ತರಬೇತಿ ಅದ. ಕಲ್ತು ಮಾಡ್ರಿ."

"ನಾ ಹತ್ತನೇತ್ತ ಓದಿದಾಕಿ ಸಾರ್."

"ಬಾಗಿಲು ತೋರ್ಸಲಿಕ್ಕೆ ಹತ್ತನೇತ್ತ ಸಾಕು. ನಾ ಇಷ್ಟು ಓದಿದ ಮ್ಯಾಲೂ ಮಂದಿ ನನ್ನನ್ನ ಬಾಗಿಲು ಕೇಳಂಗಿಲ್ಲ, ನಿಮ್ಮನ್ನ ಕೇಳ್ತಾರ."

ಹಾಗೆ ಅವಳ ಕೊರಳಿಗೊಂದು ಗುರುತಿನ ಚೀಟಿ ಬಂತು. ಅದರ ಮೇಲಿನ ಫೋಟೋಕ್ಕೆ ಸದಾ ಜೋಳದ ಹಿಟ್ಟು ಅಂಟಿರುತ್ತದೆ. ಯಾವ ಕಚೇರಿಗೆ ಯಾವ ಅರ್ಜಿ, ಪುಕ್ಕಟೆ ವಕೀಲರು ಯಾರಿಗೆ ಸಿಗುತ್ತಾರೆ, ಗಂಡ ಹೊರಗೆ ಹಾಕಿದರೆ ಮೊದಲು ಎಲ್ಲಿಗೆ ಹೋಗಬೇಕು, ಎರಡು ಕಡೆಯವರನ್ನು ಒಂದೇ ಚಾಪೆಯ ಮೇಲೆ ಕೂರಿಸುವುದು ಹೇಗೆ ಎಂಬುದನ್ನೆಲ್ಲ ಅವಳು ಕಲಿತಳು. ಒಂದನ್ನು ಮಾತ್ರ ಯಾವ ತರಬೇತಿಯೂ ಕಲಿಸಿದ್ದಲ್ಲ. ಕಟ್ಟೆಗೆ ಬಂದವರು ಮೊದಲು ಅರ್ಧ ರೊಟ್ಟಿಯಾದರೂ ತಿನ್ನಬೇಕು, ಆಮೇಲೆಯೇ ಮಾತು. "ಹಸದ ಹೊಟ್ಯಾಗಿಂದ ಬರೇ ಸಿಟ್ಟು ಬರತೈತಿ, ಸಂಗತಿ ಬರಂಗಿಲ್ಲ," ಎನ್ನುತ್ತಾಳೆ.

ಇಷ್ಟೆಲ್ಲ ತಾಳ್ಮೆಯವಳಿಗೆ ತಾಳಲಾರದ್ದು ಒಂದೇ ಇತ್ತು. ಎದುರಿನ ಮೊಬೈಲ್ ಅಂಗಡಿಗೆ ಕರ್ನೂಲಿನಿಂದ ಹೊಸದಾಗಿ ಕೆಲಸಕ್ಕೆ ಬಂದಿದ್ದ ಭರತ್ ಎಂಬ ತೆಲುಗಿನ ಹುಡುಗ ದಿನವೂ ಬೆಳಿಗ್ಗೆ ಕಟ್ಟೆಯ ಮುಂದೆ ನಿಂತು, "ಅವ್ವಾ, ರೆಂಡು ರೊಟ್ಟೆಲು!" ಎಂದು ಕೂಗುತ್ತಿದ್ದ. ಎರಡು ರೊಟ್ಟಿ ಕೇಳಿದ್ದಕ್ಕೆ ಅವಳ ತಕರಾರಿರಲಿಲ್ಲ. ಅವನ ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ನಲವತ್ತು ದಾಟಿ ಇನ್ನೂ ಹೆಚ್ಚು ದಿನವಾಗದ ಗಾದಿಲಿಂಗಮ್ಮ, ಹಾಗೆ ಕರೆದ ದಿನವೆಲ್ಲ ಅವನಿಗೆ ಕರಕಾದ ರೊಟ್ಟಿಯನ್ನೇ ಹುಡುಕಿ ಕೊಡುತ್ತಿದ್ದಳು.

"ಪಾಪ, ಮರ್ಯಾದಿ ಕೊಟ್ಟು ಕರಿತಾನ," ಎಂದು ಪದ್ಮಜಾ ನಗುತ್ತಿದ್ದಳು.

"ಆ ಮರ್ಯಾದಿ ನಿನಗ ಕೊಡಲಿ. ತಲಿಯಾಗ ಒಂದು ಬಿಳೆ ಕೂದಲ ತೋರಸು ನೋಡೋಣು!"

"ಹಿಟ್ಟು ಝಾಡಿಸ್ಕೋ ಮೊದ್ಲ, ಆಮ್ಯಾಲೆ ತೋರಸ್ತೀನಿ."

ಆ ಚಳಿಗಾಲದಲ್ಲೇ ಶಿವಲಕ್ಷ್ಮಿ ಬಂದದ್ದು.

ಕೋಸಗಿಯ ಕಡೆಯ ಒಂದು ಹಳ್ಳಿಯ ಹುಡುಗಿ. ಮದುವೆಯಾಗಿರಲಿಲ್ಲ, ತಂದೆ ಚಿಕ್ಕಂದಿನಲ್ಲೇ ತೀರಿಕೊಂಡಿದ್ದ. ಪ್ರತಿ ವರ್ಷ ಸಂಕ್ರಾಂತಿ ಕಳೆದರೆ ತಾಯಿಯ ಜೊತೆ ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಹೋಗುವವಳು. ಹೋಗುವಾಗ ಬೀಗದ ಕೈಯನ್ನು ತಾಯಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು. ಊರು ಬಿಟ್ಟು ದೂರದ ಹೊಲಗಳಲ್ಲಿ ಮಲಗಿದಾಗಲೂ ಆ ಗಂಟನ್ನು ಮುಟ್ಟಿ ನೋಡಿಕೊಂಡರೆ ಮನೆ ಇದೆ ಎಂಬ ಸಮಾಧಾನ. ಹೋದ ವರ್ಷ ತಾಯಿ ತೀರಿಕೊಂಡಳು. ಗಂಟು ಮಗಳ ಸೆರಗಿಗೆ ಬಂತು. ಆದರೆ ಈಗ ಮನೆಯ ಬಾಗಿಲಿಗೆ ಇದ್ದದ್ದು ಬೇರೆ ಬೀಗ.

ಅರ್ಧ ರೊಟ್ಟಿಯನ್ನು ಕಷ್ಟಪಟ್ಟು ನುಂಗಿ ಅವಳು ಹೇಳಿದಳು: "ನಮ್ಮ ಮಾವ ಹಾಕ್ಯಾನಕ್ಕ."

ಮಾವ ಎಂದರೆ ಸುಂಕಣ್ಣ, ತಾಯಿಯ ಒಡಹುಟ್ಟಿದ ತಮ್ಮ. ಮನೆಯ ಮುಂದಿನ ಕೋಣೆ ಬಸ್ಸು ನಿಲ್ಲುವ ರಸ್ತೆಗೆ ಇತ್ತು. ಗೋಡೆ ಒಡೆದು ಅಲ್ಲಿ ಮಗನಿಗೊಂದು ಅಂಗಡಿ ಹಾಕಿಕೊಡಬೇಕೆಂದು ಅವನ ಆಸೆ. ಮನೆ ತನ್ನ ತಾಯಿಯದು, ತಾನು ಗಂಡುಮಗ, ಆದ್ದರಿಂದ ಪಾಲು ತನ್ನದು ಎಂದು ಅವನು ಹೇಳುತ್ತಿದ್ದ, ಹಾಗೆಂದು ಅರ್ಜಿಯನ್ನೂ ಬರೆಸಿ ಕೊಟ್ಟಿದ್ದ. ಸರ್ಕಾರ ಕೊಟ್ಟ ಮನೆಯ ಪಟ್ಟಾ ಕಾಗದವನ್ನು ಶಿವಲಕ್ಷ್ಮಿಯ ತಾಯಿ ಯಾರಿಗೂ ನಂಬಿ ಕೊಡದೆ ಹೋದಲ್ಲೆಲ್ಲ ಒಯ್ಯುತ್ತಿದ್ದಳು. ಅದು ಗುಂಟೂರಿನ ಕಡೆಯ ಒಂದು ಗುಡಿಸಲಿನಲ್ಲಿ ಮಳೆಗೆ ಸಿಕ್ಕು ಹಿಟ್ಟಾಗಿ ಹೋಗಿತ್ತು.

"ಸಂಕ್ರಾಂತಿ ಆದ ಕೂಡ್ಲೆ ನಮ್ಮ ಗುಂಪು ಹೊಂಡತೈತಿ. ನಾ ಹೋಗ್ಲಿಲ್ಲಂದ್ರ ವರ್ಷದ ಅನ್ನ ಹೋತು. ಹೋದ್ನಂದ್ರ ಬರೋದ್ರಾಗ ಗ್ವಾಡಿ ಒಡದು ಅಂಗಡಿ ಇಟ್ಟಿರತಾನ. ಆಮ್ಯಾಲೆ ಯಾರನ್ನ ಕೇಳಲಿ?"

"ಪಾಲು ಅನ್ನಾಕ ಆತನ ಹತ್ರ ಏನೈತಿ?"

"ನೀನೇ ಒಪ್ಪಿಗೊಂಡೀ ಅಂತಾನ. ನಾ ಏನೂ ಒಪ್ಪಿಲ್ಲಕ್ಕ, ದೇವ್ರಾಣೆ."

ತಾಯಿ ತೀರಿಕೊಂಡ ಮೇಲೆ ಮನೆ ತನ್ನ ಹೆಸರಿಗೆ ಆಗಲೆಂದು ಶಿವಲಕ್ಷ್ಮಿ ಅರ್ಜಿ ಕೊಟ್ಟಿದ್ದಳು. ವಿಚಾರಣೆಗೆ ಬಂದವರು ಅವಳನ್ನು ಕೇಳಿ ಅವಳ ಹೇಳಿಕೆ ಬರೆದುಕೊಂಡಿದ್ದರು. ಅದರ ನಕಲನ್ನು ಗಾದಿಲಿಂಗಮ್ಮ ಹಿಟ್ಟಿನ ಕೈ ಒರೆಸಿಕೊಂಡು ಓದಿದಳು. ತೆಲುಗಿನಲ್ಲಿ ದುಂಡಗೆ ಬರೆದಿತ್ತು. ಓದಿ ಮುಖ ಎತ್ತಿದಾಗ ಅವಳ ಕಣ್ಣಿನಲ್ಲಿ ತುಸು ಬೇಸರವಿತ್ತು.

"ಮನಿ ನಿಮ್ಮ ಅಜ್ಜೀದು ಅಂತ ಹೇಳಿದ್ಯಂತಲ್ಲವಾ. ಅಜ್ಜೀದಾದ್ರ ಆಕಿ ಮಗನಿಗೆ ಪಾಲು ಬರತೈತಿ."

"ನಾ ಅಜ್ಜಿ ಅಂದೇ ಇಲ್ಲ!"

"ಇಲ್ಲಿ ಬರದಾರ. ನಿನ್ನ ಸಹಿ ಐತಿ."

"ಅಜ್ಜಿ ಅನ್ನೋ ಮಾತೇ ನನ್ನ ಬಾಯಾಗ ಬಂದಿಲ್ಲಕ್ಕ. ಆಕಿ ಮಾರಿನೂ ನಾ ನೋಡಿಲ್ಲ."

ಹೆದರಿಕೆಯಲ್ಲಿ ಏನು ಹೇಳಿದಳೋ ಅವಳಿಗೇ ನೆನಪಿಲ್ಲ ಎಂದುಕೊಂಡಳು ಗಾದಿಲಿಂಗಮ್ಮ. ಕಚೇರಿಯವರ ಮುಂದೆ ಹಾಗಾಗುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ವಿಷ್ಣುತೀರ್ಥರ ಬಳಿ ಕಾಗದ ಒಯ್ದಳು. ಅವರೂ ಓದಿದರು, ಅವರೂ ಹಾಗೆಯೇ ಹೇಳಿದರು. "ಹೇಳಿಕೆ ನಮಗ ವಿರುದ್ಧ ಅದ. ಪಟ್ಟಾದ ಹಳೇ ದಾಖಲೆಗೆ ಬರದೀನಿ, ಹುಡುಕಲಿಕ್ಕೆ ಹತ್ಯಾರಂತ. ಅದು ಸಿಗೋದ್ರೊಳಗ ಲೋಕ ಅದಾಲತ್ ಬರ್ತದ. ಕೂತು ಮಾತಾಡ್ಸೋಣು. ಆದರ ಲೋಕ ಅದಾಲತ್ತಿನ್ಯಾಗ ಇಬ್ರೂ ಒಪ್ಪಬೇಕು. ಈ ಕಾಗದ ಕೈಯಾಗಿದ್ದಾಂವ ಯಾಕ ಒಪ್ತಾನ?"

ಸುಂಕಣ್ಣ ಮಾತುಕತೆಗೆ ಬರಲು ಕೂಡಲೇ ಒಪ್ಪಿದ್ದ. ಅದೇ ಗಾದಿಲಿಂಗಮ್ಮನನ್ನು ಹೆಚ್ಚು ಕಾಡಿತು. ಸೋಲುವ ಭಯವಿದ್ದವನು ಅಷ್ಟು ಬೇಗ ಹೂಂ ಅನ್ನುವುದಿಲ್ಲ.

ಅದಾಲತ್ ಆಗುವವರೆಗೆ ಶಿವಲಕ್ಷ್ಮಿ ಓಣಿಯಲ್ಲೇ ಉಳಿದಳು. ಸುಮ್ಮನೆ ಕೂರಲಾರದೆ ಒಲೆಯ ಮುಂದೆ ಕೂತಳು. ಅವಳ ರೊಟ್ಟಿ ಕೈ ಮೆತ್ತಗಿತ್ತು, ಸದ್ದು ಮಾಡಲು ಅಂಜುವ ಕೈ. ಓಣಿಯ ಬೆಳಗಿನ ಸದ್ದಿನಲ್ಲಿ ಅದು ಕೇಳಿಸುತ್ತಲೇ ಇರಲಿಲ್ಲ.

ಒಂದು ಬೆಳಿಗ್ಗೆ ಭರತ್ ಅವಸರದಲ್ಲಿ ಬಂದ. ಕೈಯಲ್ಲಿ ಯಾರದೋ ಬಿಚ್ಚಿದ ಫೋನು, ಕಿವಿಯಲ್ಲಿ ಇನ್ನೊಂದು ಫೋನು.

"ಅವ್ವಾ, ರೆಂಡು ರೊಟ್ಟೆಲು. ಅವ್ವಾ, ಜಲ್ದಿ!"

ಗಾದಿಲಿಂಗಮ್ಮನಿಗೆ ಆ ದಿನ ಮೊದಲೇ ಮನಸ್ಸು ಸರಿಯಿರಲಿಲ್ಲ. "ಏ ತಮ್ಮಾ, ಯಾರಿಗೆ ಅವ್ವ ಅಂತೀ? ನಾ ಅವ್ವ ಆಗಿರೋದು ನನ್ನ ಮಗಳು ಒಬ್ಬಾಕಿಗೆ! ನಿನಗ ನಾ ಯಾವ ಲೆಕ್ಕದಾಗ ಅವ್ವ..."

ಬಡಿತ ನಿಂತಿತು.

ಅಂಗೈಯ ರೊಟ್ಟಿ ಅಂಚಿನಲ್ಲಿ ಬಿರಿದು ಹಿಟ್ಟಿನ ಮೇಲೆ ಬಿತ್ತು. ಪದ್ಮಜಾ ಎಂದಿನ ಮಾತು ಹೇಳಲು ಬಾಯಿ ತೆರೆದವಳು, ಗೆಳತಿಯ ಮುಖ ನೋಡಿ ಸುಮ್ಮನಾದಳು.

ಗಾದಿಲಿಂಗಮ್ಮ ನಿಧಾನವಾಗಿ ಶಿವಲಕ್ಷ್ಮಿಯ ಕಡೆ ತಿರುಗಿದಳು. "ಆ ದಿನ ಬಂದೋರು ಮನಿ ಯಾರದು ಅಂತ ಕೇಳಿದ್ರಲಾ. ನೀ ಏನಂದಿ? ಯಾವ ಮಾತು ಅಂದ್ಯೋ ಅದೇ ಮಾತು ಅನ್ನು, ಒಂದಕ್ಷರ ಆಚೀಚಿ ಆಗಬಾರದು."

"ಅವ್ರು ತೆಲುಗಿನೋರು, ನಾನೂ ತೆಲುಗಿನಾಗ ಅಂದೆ." ಶಿವಲಕ್ಷ್ಮಿ ಆ ದಿನ ನಿಂತ ಹಾಗೆಯೇ ಕೈಕಟ್ಟಿಕೊಂಡಳು. "ಇದಿ ಮಾ ಅವ್ವ ಇಲ್ಲು ಸಾರ್. ಅವ್ವ ಪೋಯಿಂದಿ."

ಇದು ನಮ್ಮವ್ವನ ಮನೆ ಸಾರ್, ಅವ್ವ ತೀರಿಹೋದಳು. ದೊಡ್ಡವರೆದುರು ದೊಡ್ಡವರ ಭಾಷೆ ಆಡಬೇಕೆಂದು ಹುಡುಗಿ ತನ್ನ ಮಾತನ್ನೆಲ್ಲ ತೆಲುಗಿಗೆ ತಿರುಗಿಸಿಕೊಂಡಿದ್ದಳು. ಮನೆ ತೆಲುಗಾಯಿತು, ಸಾವು ತೆಲುಗಾಯಿತು. ಅವ್ವ ಮಾತ್ರ ಕನ್ನಡದಲ್ಲೇ ಉಳಿದಳು. ಹೆತ್ತವಳಿಗೆ ಅವಳ ಬಾಯಲ್ಲಿ ಬೇರೆ ಹೆಸರೇ ಇರಲಿಲ್ಲ. ಕೇಳಿದವರು ಕೇಳಿದ್ದನ್ನೇ ಬರೆದಿದ್ದರು. ಅವರ ಕಿವಿಗೆ ಅದು ಅಜ್ಜಿ.

"ಅಯ್ಯೋ ನಮ್ಮ ಶಿವನೇ," ಎಂದಳು ಗಾದಿಲಿಂಗಮ್ಮ. "ನಾನೂ ಹಂಗೇ ಓದಿದ್ನಲ್ಲೇ. ಕಾಗದದಾಗ ಅವ್ವ ಅಂತನ ಐತಿ. ತೆಲುಗಿನ ಅಕ್ಷರ ನೋಡಿದ ಕೂಡ್ಲೆ ನನ್ನ ಕಣ್ಣು ತೆಲುಗಾತು, ನಾ ನಿನಗ ಅಜ್ಜಿ ಅಂತ ಹೇಳಿಬಿಟ್ಟೆ. ದಿನಾ ಈ ಹುಡುಗನ ಬಾಯಾಗ ಅದೇ ಮಾತಿಗೆ ಸಿಟ್ಟಾಗತಿದ್ದೆ, ಆದ್ರೂ ಹೊಳಿಲಿಲ್ಲ ನೋಡು."

ಫೋನು ಕಿವಿಗಿಟ್ಟುಕೊಂಡೇ ಭರತ್ ಏನಾಯಿತೆಂದು ಅಂಜುತ್ತಾ ಕೇಳಿದ: "ಏಮೈಂದಿ ಅವ್ವಾ... ಅಕ್ಕಾ?"

ಅವಳು ಹಂಚಿನ ಮೇಲೆ ಆಗಷ್ಟೇ ಉಬ್ಬಿದ್ದ ಎರಡು ರೊಟ್ಟಿ ತೆಗೆದು, ಮೇಲೊಂದಿಷ್ಟು ಪುಂಡಿಪಲ್ಯ ಹಾಕಿ ಅವನ ಕೈಗಿಟ್ಟಳು. ಕರಕಿಲ್ಲದ ರೊಟ್ಟಿ ಕಂಡು ಅವನು ಇನ್ನೂ ಹೆದರಿದ.

ವಿಷ್ಣುತೀರ್ಥರು ಸಂಗತಿ ಕೇಳಿ ಹಣೆಗೆ ಕೈ ಹೊಡೆದುಕೊಂಡು ಜೋರಾಗಿ ನಕ್ಕರು. ಅವರ ಮನೆಯಲ್ಲೂ ತಾಯಿಗೆ ಅವ್ವ ಎಂದೇ ಕರೆಯುವುದಂತೆ. ಆಮೇಲೆ ಗಂಭೀರರಾದರು.

"ಇದನ್ನ ನಾವು ಹೇಳಿದರ ಅದು ವಾದ. ಗೆಲ್ಲಲಿಕ್ಕೆ ಈಗ ಹೊಸ ಅರ್ಥ ಹುಡುಕ್ಯಾರ ಅಂತಾರ. ಅವನ ಬಾಯಿಂದನೇ ಬರಬೇಕು. ಅವನೂ ಅದೇ ಊರಿನಾಂವ, ಅವನ ನಾಲಿಗಿಯೊಳಗೂ ಅದೇ ಅವ್ವ ಇರಬೇಕಲ್ಲ?"

"ಇರತಾಳ ಸಾರ್. ತೆಲುಗಿನಾಗ ಬರಸಿದ ಅರ್ಜ್ಯಾಗ ಅಷ್ಟೇ ಅಮ್ಮ ಅಂತ ಹಾಕ್ಸ್ಯಾನ. ಮನ್ಯಾಗ ಕರಿಯೋದು ಅವ್ವ ಅಂತನ."

"ಹಂಗಾದರ ಆ ದಿನ ಅವನು ತನ್ನ ಮಾತಿನ್ಯಾಗೇ ಹೇಳ್ಲಿ ಅಂತ ಮೇಡಂ ಅವರನ್ನ ನಾ ಬೇಡ್ಕೋತೀನಿ. ಅವನ ಮಾತು ಅವರಿಗೆ ತಿಳಿಸೋದು ನಿಮ್ಮ ಕೆಲಸ."

ಅದಾಲತ್ತಿನ ದಿನ ಕೋರ್ಟಿನ ಅಂಗಳ ತುಂಬಿತ್ತು. ಶಾಮಿಯಾನದ ಕೆಳಗೆ ಮೇಜು, ಮೇಜಿನ ಹಿಂದೆ ಕೃಷ್ಣಾ ತೀರದ ಕಡೆಯಿಂದ ವರ್ಗವಾಗಿ ಬಂದಿದ್ದ ನ್ಯಾಯಾಧೀಶೆ. ಕನ್ನಡ ಅವರಿಗೆ ಬರುತ್ತಿರಲಿಲ್ಲ. ಸುಂಕಣ್ಣ ಬಿಳಿ ಅಂಗಿ ತೊಟ್ಟು, ಮೀಸೆ ತೀಡಿಕೊಂಡು ಬಂದಿದ್ದ. ಅಕ್ಕನ ಮಗಳನ್ನು ಕಂಡು, "ಏನವಾ, ಚಲೋ ಅದಿಯೇನು? ತಿಳಿದಾಕಿ ನೀನು, ಯಾಕ ಇಷ್ಟು ಮಂದಿ ಮುಂದ ಎಳದಿ ನನ್ನ?" ಎಂದ. ಶಿವಲಕ್ಷ್ಮಿ ಸೆರಗಿನ ಗಂಟನ್ನು ಬೆರಳಲ್ಲಿ ತಿರುವುತ್ತಿದ್ದಳು.

ಹೆಸರು ಕರೆದರು. ನ್ಯಾಯಾಧೀಶೆ ಹೇಳಿಕೆಯ ನಕಲು ಓದಿ, ಹುಡುಗಿಯೇ ಅಜ್ಜಿಯ ಮನೆ ಎಂದಿದ್ದಾಳಲ್ಲ, ಅರ್ಧ ಅರ್ಧ ಮಾಡಿಕೊಂಡರೆ ಆಗದೇ ಎಂದು ತೆಲುಗಿನಲ್ಲಿ ಮೃದುವಾಗಿ ಕೇಳಿದರು. ಸುಂಕಣ್ಣ ಕೂಡಲೇ ತಲೆಯಾಡಿಸಿದ. ವಿಷ್ಣುತೀರ್ಥರು ಎದ್ದು ನಿಂತು, ಎದುರುಕಡೆಯವರು ತಮ್ಮ ಮನೆಯ ಮಾತಿನಲ್ಲಿ ಒಮ್ಮೆ ಹೇಳಲಿ ಎಂದು ಕೇಳಿಕೊಂಡರು. ಅನುಮತಿ ಸಿಕ್ಕಿತು. ಗಾದಿಲಿಂಗಮ್ಮ ಮೇಜಿನ ಪಕ್ಕಕ್ಕೆ ಬಂದಳು.

"ಸುಂಕಣ್ಣಾ, ಇಲ್ಲಿ ಅಂಜೋದು ಏನೂ ಇಲ್ಲ. ನಮ್ಮ ಮಾತಿನಾಗ ಹೇಳು. ಆ ಮನಿ ಯಾರದು?"

"ನಮ್ಮವ್ವಂದು."

"ತುಸು ಗಟ್ಟಿ ಹೇಳು, ಮೇಡಂಗ ಕೇಳ್ಲಿ."

"ನಮ್ಮವ್ವಂದು! ಹತ್ತು ಸಲ ಹೇಳೀನಿ, ಹನ್ನೊಂದನೇ ಸಲ ಕೇಳು. ಅದು ನಮ್ಮವ್ವನ ಮನಿ!"

ಅವ್ವ ಎಂಬ ಮಾತು ಶಾಮಿಯಾನದ ಕಂಬಕ್ಕೆ ಬಡಿದು ಬಂತು. ಗಾದಿಲಿಂಗಮ್ಮ ನ್ಯಾಯಾಧೀಶೆಯ ಕಡೆ ತಿರುಗಿ, ಅವನ ಮಾತಿನಲ್ಲಿದ್ದ ಆ ಶಬ್ದವನ್ನು ಬದಲಿಸದೆ ಹಾಗೆಯೇ ತೆಲುಗಿಗೆ ಇಟ್ಟಳು: "ಇಲ್ಲು ವಾಳ್ಳ ಅವ್ವದಂಟ ಮೇಡಂ."

ನ್ಯಾಯಾಧೀಶೆ ಹುಬ್ಬೇರಿಸಿದರು. ಅರ್ಜಿಯ ಕಾಗದವನ್ನೂ ಅವನ ಮುಖವನ್ನೂ ನೋಡಿದರು. ಇಲ್ಲಿ ತಾಯಿಯ ಮನೆ ಎಂದು ಬರೆಸಿದ್ದೀರಿ, ಈಗ ಅಜ್ಜಿಯ ಮನೆ ಎನ್ನುತ್ತೀರಿ, ಹಾಗಾದರೆ ಇದು ಈ ಹುಡುಗಿಯ ಮುತ್ತಜ್ಜಿಯ ಮನೆಯೇ ಎಂದು ಕೇಳಿದರು.

ಸುಂಕಣ್ಣನಿಗೆ ಅಷ್ಟು ತೆಲುಗು ಚೆನ್ನಾಗಿ ತಿಳಿಯುತ್ತಿತ್ತು. ಪಾಲು ಕೈಜಾರಿತೆಂದು ಎರಡೂ ಕೈ ಎತ್ತಿ, ಅಲ್ಲ ಅಲ್ಲವೆಂದು ತೆಲುಗು ಕನ್ನಡ ಬೆರೆಸಿ ಕೂಗಿದ. "ಅಯ್ಯಯ್ಯೋ ಕಾದು ಮೇಡಂ! ಅವ್ವ ಅಂಟೆ ಅಜ್ಜಿ ಕಾದು! ಮಾ ಊರ್ಲೊ ಅವ್ವ ಅಂಟೆ ಅಮ್ಮ! ನನ್ನ ಹಡದಾಕಿ ಮೇಡಂ, ಹಡದಾಕಿಗೆ ನಾವು ಅವ್ವ ಅಂತೀವಿ! ನಮ್ಮ ಕಡೆ ಯಾರನ್ನ ಬೇಕಾದ್ರೂ ಕೇಳ್ರಿ, ಅವ್ವ ಅಂದ್ರ..."

ಅವನ ಕೈಗಳು ಮೇಲೆಯೇ ಉಳಿದವು. ಮಾತು ಎಲ್ಲಿಗೆ ಹೋಗುತ್ತಿದೆ ಎಂಬುದು ಮಾತು ಅಲ್ಲಿಗೆ ಹೋಗಿ ಮುಟ್ಟಿದ ಮೇಲೆ ಅವನಿಗೆ ಕಂಡಿತು.

ಶಿವಲಕ್ಷ್ಮಿ ಸೆರಗಿನ ಗಂಟು ಬಿಟ್ಟಳು. ಇಷ್ಟು ದಿನ ಓಣಿಯ ಸದ್ದಿನಲ್ಲಿ ಕೇಳಿಸದೇ ಇದ್ದ ಹುಡುಗಿಯ ದನಿ ಈಗ ಹಿಂದಿನ ಸಾಲಿನವರೆಗೂ ಕೇಳಿಸಿತು.

"ನಾನೂ ಅದನ್ನ ಹೇಳಿದ್ದೆ ಮಾವ. ನಮ್ಮವ್ವನ ಮನಿ ಅಂತ."

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ನೋಡಿದರೆ ಪದ್ಮಜಾ. ಪೋಲೀಸಿನವನು ಕಣ್ಣು ಬಿಟ್ಟರೂ ಅವಳು ನಿಲ್ಲಿಸಲಿಲ್ಲ. ನ್ಯಾಯಾಧೀಶೆ ಕಾಗದ ಅಡ್ಡ ಹಿಡಿದು ನಗು ಮರೆಸಿಕೊಂಡರು. ಅವ್ವ, ಅವ್ವ ಎಂದು ಎರಡು ಸಲ ತಮ್ಮಷ್ಟಕ್ಕೆ ಅಂದು ನೋಡಿದರು.

ಆದರೆ ಕೆಲಸ ಇನ್ನೂ ಮುಗಿದಿರಲಿಲ್ಲ. ಸುಂಕಣ್ಣ ಒಪ್ಪಬೇಕಿತ್ತು. ಅವನು ತಲೆ ತಗ್ಗಿಸಿ ನಿಂತಿದ್ದ. ಗಾದಿಲಿಂಗಮ್ಮ ಅವನ ಹತ್ತಿರ ಹೋಗಿ, ಕಟ್ಟೆಯ ಮೇಲೆ ಮಾತಾಡುವ ದನಿಯಲ್ಲಿ ಕೇಳಿದಳು:

"ನಿಮ್ಮವ್ವ ಹೋಗಿದ್ದು ಯಾವಾಗಪ್ಪಾ?"

"ನನ್ನ ಮದುವೀ ವರ್ಷ."

"ನಿಮ್ಮೂರಾಗ ಆ ಮನಿಗಳ ಪಟ್ಟಾ ಹಂಚಿದ್ದು?"

ಅವನು ಬೆರಳಲ್ಲಿ ವರ್ಷ ಎಣಿಸಿದ. "ನನ್ನ ಮಗ ನಡಿಯಾಕ ಹತ್ತಿದ್ದ," ಎಂದ ಕೊನೆಗೆ.

"ಹಂಗಾದ್ರ ಸತ್ತಾಕಿಗೆ ಪಟ್ಟಾ ಕೊಟ್ರೇನು?"

"ಇಲ್ಲ." ಅವನ ದನಿ ಇಳಿದಿತ್ತು. "ನಮ್ಮಕ್ಕಗ ಕೊಟ್ರು. ಗಂಡ ಸತ್ತಾಕಿ ಅಂತ ಮೊದ್ಲ ಆಕಿ ಹೆಸರೇ ಕೂಗಿದ್ರು. ಆ ಮನಿ ಕಟ್ಟುವಾಗ ನಾ ಕಲ್ಲು ಹೊತ್ತೀನಿ, ನೀರು ಹೊತ್ತೀನಿ. ಅಕ್ಕ ಇರೋತನಕ ಹಬ್ಬಕ್ಕ ಕರೀತಿದ್ಲು. ಆಕಿ ಹೋದ ಮ್ಯಾಲೆ ನನಗ ಆ ಬಾಗಲದಾಗ ಏನೂ ಇಲ್ಲದಂಗಾತು. ಈಕಿ ಆ ಹೇಳಿಕಿ ಬರಸಿದ್ದು ಗೊತ್ತಾದಾಗ, ದೇವ್ರೇ ಕೊಟ್ಟಾನ ಅಂದ್ಕೊಂಡೆ."

ಅವನು ಉಡದಾರಕ್ಕೆ ಸಿಕ್ಕಿಸಿದ್ದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. ಶಿವಲಕ್ಷ್ಮಿ ಅದನ್ನು ತೆಗೆದುಕೊಂಡಳು.

"ಮಾವ, ಉಣ್ಣಾಕ ಬಾ," ಎಂದಳು. "ಹಬ್ಬ ಬ್ಯಾಡ, ಯಾವತ್ತ ಬೇಕಾದ್ರೂ ಬಾ. ಬೀಗ ಹಾಕಾಕ ಮಾತ್ರ ಬರಬ್ಯಾಡ."

ರಾಜಿಯ ಆದೇಶ ಅಲ್ಲೇ ಬರೆಯಲಾಯಿತು. ಕೋರ್ಟಿನ ತೀರ್ಪಿನಷ್ಟೇ ಗಟ್ಟಿ, ಇದರ ಮೇಲೆ ಅಪೀಲು ಇಲ್ಲ ಎಂದು ವಿಷ್ಣುತೀರ್ಥರು ಇಬ್ಬರಿಗೂ ಬಿಡಿಸಿ ಹೇಳಿದರು. ಸಹಿ ಹಾಕುವ ಮೊದಲು ನ್ಯಾಯಾಧೀಶೆ ಗಾದಿಲಿಂಗಮ್ಮನನ್ನು ಕರೆದು, ತಾಯಿ ಎಂಬ ಅರ್ಥದ ತೆಲುಗು ಶಬ್ದವನ್ನು ತೋರಿಸಿ, ಇದು ಸರಿಯೇ, ಇದಕ್ಕೆ ನಿಮ್ಮ ಕಡೆ ಬೇರೇನೂ ಅರ್ಥವಿಲ್ಲ ತಾನೇ ಎಂದು ಕೇಳಿ ಖಚಿತ ಮಾಡಿಕೊಂಡರು. ಕೋರ್ಟಿನ ಗೇಟಿನಲ್ಲಿ ವಿಷ್ಣುತೀರ್ಥರು ಬುಟ್ಟಿಯ ಕಡೆ ನೋಡಿ, "ಒಂದು ರೊಟ್ಟಿ ಕಾಗದದೊಳಗ ಸ್ವಲ್ಪ ಸುತ್ತಿ ಕೊಡ್ರಿ. ಮನ್ಯಾಗ ಹೇಳಬ್ಯಾಡ್ರಿ ಮತ್ತ," ಎಂದರು.

ಮರುದಿನ ಬೆಳಿಗ್ಗೆ ಓಣಿಯ ಸದ್ದಿಗೆ ಹಬ್ಬದ ಕಳೆ ಇತ್ತು. ಭರತ್ ಕಟ್ಟೆಯ ಮುಂದೆ ನಿಂತು, ರಾತ್ರಿಯೆಲ್ಲ ಬಾಯಿಪಾಠ ಮಾಡಿದವನ ಹಾಗೆ, "ಅಕ್ಕಾ, ಎರಡು ರೊಟ್ಟಿ ಕೊಡ್ರಿ," ಎಂದ.

"ಅಕ್ಕ ಅಲ್ಲ, ಅವ್ವ ಅಂತನ ಕರಿ," ಎಂದಳು ಗಾದಿಲಿಂಗಮ್ಮ.

ಅವನು ಪದ್ಮಜಾಳ ಕಡೆ ನೋಡಿದ. ಪದ್ಮಜಾ ಆಕಾಶ ನೋಡಿದಳು.

"ಆದ್ರ ತೆಲುಗಿನಾಗ ಅಲ್ಲ. ಕನ್ನಡದಾಗ ಕರಿ."

ಮುಂದಿನ ಭಾನುವಾರ ಗಾದಿಲಿಂಗಮ್ಮ ಕೋಸಗಿಯಲ್ಲಿ ರೈಲು ಇಳಿದು, ಆಟೋದಲ್ಲಿ ಮಂದಿಯ ನಡುವೆ ಒತ್ತಿಕೊಂಡು ಶಿವಲಕ್ಷ್ಮಿಯ ಊರಿಗೆ ಹೋದಳು. ಬಾಗಿಲು ಹಾರು ಹೊಡೆದಿತ್ತು. ಹೊಸ್ತಿಲಿಗೆ ಅರಿಶಿನ, ಗೋಡೆಗೆ ಹಸಿ ಸುಣ್ಣ. ಒಡೆಯಬೇಕೆಂದಿದ್ದ ಮುಂದಿನ ಗೋಡೆಗೆ ಒರಗಿ ಸುಂಕಣ್ಣ ಕೂತಿದ್ದ, ಊಟಕ್ಕೆ ಬಂದವನ ಸಂಕೋಚದಲ್ಲಿ, ಕೈಯಲ್ಲೊಂದು ಕುಂಬಳಕಾಯಿ ಹಿಡಿದು. ಬೀಗ ಬಿದ್ದಾಗಿನಿಂದ ತಣ್ಣಗಿದ್ದ ಒಲೆ ಉರಿಯುತ್ತಿತ್ತು.

ಒಳಗಿನಿಂದ ಸದ್ದು ಬಂತು. ಟಪ್, ಟಪ್, ಟಪ್. ಗಾದಿಲಿಂಗಮ್ಮ ಕಿವಿ ಕೊಟ್ಟು ಕೇಳಿದಳು. ಅಂಜುವ ಕೈಯ ಸದ್ದಾಗಿರಲಿಲ್ಲ. ರಸ್ತೆಯಲ್ಲಿ ಬಸ್ಸಿಗೆ ಕಾದು ನಿಂತವರು ಸಹ ತಿರುಗಿ ನೋಡುವ ಹಾಗಿತ್ತು.

"ಸಂಕ್ರಾಂತಿ ಆದ್ಮ್ಯಾಲೆ ಗುಂಟೂರಿಗೆ ಹೊಂಟೀನಕ್ಕ," ಶಿವಲಕ್ಷ್ಮಿ ಒಳಗಿಂದಲೇ ಹೇಳಿದಳು. ಸೆರಗಿನ ತುದಿಯಲ್ಲಿ ಹೊಸ ಗಂಟು ತೂಗುತ್ತಿತ್ತು. "ಮಾವ ಬಾಗಲಾ ನೋಡ್ಕೋತಾನಂತ. ಬರೇ ನೋಡ್ಕೋತಾನಂತ."

"ನೋಡ್ಕೋತೀನಿ ಅಂದೆ, ಅಷ್ಟೇ," ಎಂದ ಸುಂಕಣ್ಣ. ನೆರೆಯವರು ನಕ್ಕರು. ಅವನೂ ತಡವಾಗಿ ನಕ್ಕ.

ಗಾದಿಲಿಂಗಮ್ಮ ಮೊದಲ ತುತ್ತು ಬಾಯಿಗಿಟ್ಟು ಇನ್ನೂ ನುಂಗಿರಲಿಲ್ಲ. ಹೊರಗಿನಿಂದ ಯಾರೋ ಕೂಗಿದರು. "ಅವ್ವಾ! ರೊಟ್ಟಿ ಲಾಯರವ್ವ ಬಂದಾಳಂತಲ್ಲ, ಇಲ್ಲೇ ಅದಾಳೇನು?" ಬಾಗಿಲಾಚೆ ಒಬ್ಬ ಮುದುಕಿ ನಿಂತಿದ್ದಳು, ಕೈಯಲ್ಲಿ ಮಡಿಸಿದ ಕಾಗದ.

ಗಾದಿಲಿಂಗಮ್ಮ ರೊಟ್ಟಿ ಸುತ್ತಿ ಕೈಯಲ್ಲೇ ಹಿಡಿದು ಎದ್ದಳು. ಕೊರಳಿನ ಚೀಟಿ ಸರಿ ಮಾಡಿಕೊಂಡು ಚಪ್ಪಲಿ ಮೆಟ್ಟಿದಳು. ಶಿವಲಕ್ಷ್ಮಿ "ಅಕ್ಕಾ, ಉಂಡಾದ್ರೂ ಹೋಗು" ಎನ್ನುವಷ್ಟರಲ್ಲಿ ಹೊಸ್ತಿಲು ದಾಟಿ, ಮುದುಕಿಯ ಹೆಗಲ ಮೇಲೆ ಕೈ ಹಾಕಿ ನೆರಳಿನ ಕಡೆ ನಡೆಯುತ್ತಿದ್ದಳು. ಅವಳ ಮಾತು ಮಾತ್ರ ಬಾಗಿಲವರೆಗೆ ಬರುತ್ತಿತ್ತು: "ಕಾಗದ ಆಮ್ಯಾಲೆ ನೋಡೋಣು, ಮೊದ್ಲ ಈ ಅರ್ಧ ರೊಟ್ಟಿ ತಿನ್ನು ಯವ್ವಾ, ತಿಂತಾ ತಿಂತಾ ಹೇಳು, ಅವ್ರು ಏನಂತ ಕೇಳಿದ್ರು, ನೀ ಯಾವ ಭಾಷ್ಯಾಗ ಏನಂತ ಹೇಳಿದಿ, ಒಂದಕ್ಷರ ಬಿಡಬ್ಯಾಡ, ಯಾಕಂದ್ರ..."